ಮೈಂಡ್‌ಫ್ರೀಕ್‌ಗೆ ಸೀಟು ಯಾಕಿಲ್ಲ? ಕನ್ಸೋಲ್ ಶೂಟರ್ ಲೀಗ್ ಮತ್ತು ಆಸ್ಟ್ರೇಲಿಯಾದ ಆಟಗಾರರು

2020ರ ಜನವರಿ ಕೊನೆಯಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕಾಲ್ ಆಫ್ ಡ್ಯೂಟಿ ಲೀಗ್ ಶುರುವಾಯಿತು. ಕಾಲ್ ಆಫ್ ಡ್ಯೂಟಿ ಒಂದು ಶೂಟರ್, ಅಂದರೆ ಗುಂಡು ಹಾರಿಸುವ ವಿಡಿಯೊ ಗೇಮ್. ಆಗ ಅದರ ಸ್ಪರ್ಧೆ ನಡೆಯುತ್ತಿದ್ದದ್ದು ಕನ್ಸೋಲ್‌ನಲ್ಲಿ, ಅಂದರೆ ಟಿವಿಗೆ ಜೋಡಿಸುವ ಪ್ಲೇಸ್ಟೇಷನ್‌ನಂಥ ಯಂತ್ರದಲ್ಲಿ. ಒಟ್ಟು 12 ತಂಡ. ಅದರಲ್ಲಿ ಒಂಬತ್ತು ಅಮೆರಿಕದವು. ಉಳಿದ ಮೂರು ಲಂಡನ್, ಪ್ಯಾರಿಸ್ ಮತ್ತು ಟೊರೊಂಟೊ ಹೆಸರಿನವು. ಆಸ್ಟ್ರೇಲಿಯಾದ್ದು ಒಂದೂ ಇರಲಿಲ್ಲ. ಅದಕ್ಕೂ ಮೂರು ವರ್ಷ ಮೊದಲು, 2017ರಲ್ಲಿ, ಇದೇ ಆಟದ ಗ್ಲೋಬಲ್ ಪ್ರೊ ಲೀಗ್‌ನಲ್ಲಿ 16 ತಂಡಗಳಿದ್ದವು. ಆ ಹದಿನಾರರಲ್ಲಿ ಒಂದು ಆಸ್ಟ್ರೇಲಿಯಾದ ಮೈಂಡ್‌ಫ್ರೀಕ್. ಅರ್ಹತೆ ಗಳಿಸಿಕೊಂಡು ಒಳಗೆ ಬಂದಿದ್ದ ತಂಡ ಅದು.

ಹಾಗಾದರೆ ಈ ಮೂರು ವರ್ಷಗಳಲ್ಲಿ ಆಸ್ಟ್ರೇಲಿಯಾದವರು ಆಡುವುದನ್ನು ಮರೆತರಾ? ಖಂಡಿತ ಇಲ್ಲ. ಬದಲಾಗಿದ್ದು ಒಳಗೆ ಬರುವ ದಾರಿ. ಮೊದಲು ಗೆದ್ದವರಿಗೆ ಸೀಟು ಇತ್ತು, ಆಮೇಲೆ ಕೊಂಡವರಿಗೆ ಸೀಟು ಬಂತು. ದೂರದಲ್ಲಿರುವ, ಸಣ್ಣ ಮಾರುಕಟ್ಟೆಯ ದೇಶಕ್ಕೆ ಈ ಒಂದು ಬದಲಾವಣೆ ಎಷ್ಟು ಭಾರವಾಗುತ್ತದೆ ಅನ್ನುವುದನ್ನು ಬಿಡಿಸಿ ನೋಡಬೇಕು. ಆಸ್ಟ್ರೇಲಿಯಾದ ಕತೆಯನ್ನು "ಪ್ರತಿಭೆ ಸಾಲದು" ಅಂತ ಎರಡೇ ಪದದಲ್ಲಿ ಮುಗಿಸುವವರು ಜಾಸ್ತಿ. ನನಗೆ ಅದು ತಪ್ಪು ಅನ್ನಿಸುತ್ತದೆ, ಅನ್ಯಾಯ ಕೂಡ.

ಮೊದಲು ಆಟದ ಬಗ್ಗೆ. ಸ್ಪರ್ಧೆಯ ಕಾಲ್ ಆಫ್ ಡ್ಯೂಟಿ ಈಗ ನಾಲ್ವರ ವಿರುದ್ಧ ನಾಲ್ವರ ಆಟ. ಒಂದು ಪಂದ್ಯದಲ್ಲಿ ಹೆಚ್ಚೆಂದರೆ ಐದು ಮ್ಯಾಪ್, ಅಂದರೆ ಐದು ಕಣ. ಮೂರು ಗೆದ್ದವರು ಪಂದ್ಯ ಗೆದ್ದಂತೆ. ಹಾರ್ಡ್‌ಪಾಯಿಂಟ್ ಅನ್ನುವ ಬಗೆಯಲ್ಲಿ ಮ್ಯಾಪಿನ ಒಂದು ಜಾಗವನ್ನು ಹಿಡಿದಿಟ್ಟುಕೊಂಡಷ್ಟು ಹೊತ್ತು ಅಂಕ ಸಿಗುತ್ತದೆ. ಮೊದಲು 250 ಮುಟ್ಟಿದವರು ಗೆಲ್ಲುತ್ತಾರೆ. ಆ ಜಾಗ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಹಾಗಾಗಿ ಈಗಿನ ಜಾಗಕ್ಕೆ ಹೊಡೆದಾಡುತ್ತಲೇ ಮುಂದಿನ ಜಾಗಕ್ಕೆ ಯಾರು, ಯಾವಾಗ ಹೊರಡಬೇಕು ಅಂತ ಲೆಕ್ಕ ಹಾಕುತ್ತಿರಬೇಕು. ಸತ್ತ ಆಟಗಾರ ಮತ್ತೆ ಎಲ್ಲಿ ಹುಟ್ಟುತ್ತಾನೆ ಅನ್ನುವುದು ತಂಡದವರು ಎಲ್ಲಿ ನಿಂತಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಒಬ್ಬ ಸುಮ್ನೆ ಮೂಲೆಯಲ್ಲಿ ನಿಂತಂತೆ ಕಂಡರೂ ಅವನು ತನ್ನ ಮೂವರಿಗೆ ಹುಟ್ಟುವ ಜಾಗ ಕಾಯುತ್ತಿರಬಹುದು. ಸರ್ಚ್ ಅಂಡ್ ಡೆಸ್ಟ್ರಾಯ್ ಇದಕ್ಕೆ ಪೂರ್ತಿ ಉಲ್ಟಾ. ಒಂದು ಸುತ್ತಿಗೆ ಒಂದೇ ಜೀವ. ಮೊದಲು ಆರು ಸುತ್ತು ಗೆದ್ದವರದ್ದು ಮ್ಯಾಪ್. ಇಲ್ಲಿ ತಾಳ್ಮೆ, ಸುಳ್ಳು ಹೆಜ್ಜೆ, ಎದುರಾಳಿಯ ಅಭ್ಯಾಸ ಓದುವುದು ಎಲ್ಲ ಬೇಕು.

ಟಿವಿಯಲ್ಲಿ ನೋಡುವವರಿಗೆ ಕಾಣದ ಇನ್ನೊಂದು ವಿಷಯ ಇದೆ. ಲೀಗ್ ಬರೆದಿಟ್ಟ ನಿಯಮಗಳ ಜೊತೆಗೆ ಆಟಗಾರರೇ ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಯಾವ ಬಂದೂಕು ಬಳಸಬಾರದು, ಯಾವ ಜೋಡಣೆ ಬೇಡ ಅಂತ. ಇದನ್ನು ಜಿಎ, ಅಂದರೆ ಜೆಂಟಲ್‌ಮನ್ಸ್ ಅಗ್ರಿಮೆಂಟ್, ಅನ್ನುತ್ತಾರೆ. ಗಲ್ಲಿ ಕ್ರಿಕೆಟ್‌ನಲ್ಲಿ "ಆ ಮನೆ ಕಾಂಪೌಂಡಿಗೆ ಹೋದರೆ ಔಟ್" ಅಂತ ನಾವೇ ನಿಯಮ ಮಾಡಿಕೊಳ್ಳುತ್ತಿದ್ದೆವಲ್ಲ, ಹಾಗೆ. ಈ ಒಪ್ಪಂದಗಳು ಮುಖ್ಯವಾಗಿ ಅಮೆರಿಕದ ದೊಡ್ಡ ತಂಡಗಳ ನಡುವೆ ಹುಟ್ಟುತ್ತವೆ. ದಿನಾ ಅವರ ಜೊತೆ ಅಭ್ಯಾಸ ಪಂದ್ಯ, ಅಂದರೆ ಸ್ಕ್ರಿಮ್, ಆಡುವವರಿಗೆ ಅದು ತಾನಾಗಿ ಗೊತ್ತಾಗುತ್ತದೆ. ಸಿಡ್ನಿಯಲ್ಲಿ ಕೂತವರಿಗೆ ತಡವಾಗಿ ಮುಟ್ಟುತ್ತದೆ. ದೂರದ ಪೆಟ್ಟು ಇಂಥ ಸಣ್ಣ ವಿಷಯದಿಂದಲೇ ಶುರುವಾಗುತ್ತದೆ.

ಮೈಂಡ್‌ಫ್ರೀಕ್ ಬೆಳೆದ ಕಾಲವನ್ನು ನೆನಪಿಸಿಕೊಳ್ಳಿ. 2013ರಲ್ಲಿ ಮೊದಲ ಕಾಲ್ ಆಫ್ ಡ್ಯೂಟಿ ಚಾಂಪಿಯನ್‌ಷಿಪ್ ನಡೆಯಿತು. ಬಹುಮಾನದ ಮೊತ್ತ 10 ಲಕ್ಷ ಡಾಲರ್. ಅದರಲ್ಲಿ 4 ಲಕ್ಷ ಗೆದ್ದ ತಂಡಕ್ಕೇ ಹೋಯಿತು. ಆ ಹೊತ್ತಿಗೆ ಕನ್ಸೋಲ್ ಶೂಟರ್‌ಗೆ ಅಷ್ಟು ದುಡ್ಡು ಕೇಳಿ ಬಹಳ ಜನರ ಕಣ್ಣು ಅರಳಿತ್ತು. ಆ ವರ್ಷಗಳಲ್ಲಿ ಆಸ್ಟ್ರೇಲಿಯಾದಲ್ಲಿ ಟ್ರೈಡೆಂಟ್, ಇಮ್ಯುನಿಟಿ, ಮೈಂಡ್‌ಫ್ರೀಕ್ ಅಂತ ಕೆಲವು ತಂಡಗಳು ಒಂದರ ಜೊತೆ ಒಂದು ಹೊಡೆದಾಡುತ್ತ ಮೇಲೆ ಬಂದವು. 2015ರಲ್ಲಿ ಆಟದ ಒಡೆಯ ಆಕ್ಟಿವಿಷನ್ ಕಂಪನಿ ಕಾಲ್ ಆಫ್ ಡ್ಯೂಟಿ ವರ್ಲ್ಡ್ ಲೀಗ್ ಘೋಷಿಸಿತು. ಮೊದಲ ವರ್ಷಕ್ಕೆ ಇಟ್ಟ ಮೊತ್ತ 30 ಲಕ್ಷ ಡಾಲರ್. ಆಡುವ ಯಂತ್ರ ಪ್ಲೇಸ್ಟೇಷನ್ 4. ಮುಖ್ಯವಾದ ವಿಷಯ ಏನೆಂದರೆ, ಈ ಲೀಗ್ ಜಗತ್ತನ್ನು ಮೂರು ಪ್ರದೇಶವಾಗಿ ಹಂಚಿತು. ಉತ್ತರ ಅಮೆರಿಕ, ಯುರೋಪ್, ಮತ್ತು ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡ್ ಸೇರಿದ ಒಂದು ಪ್ರದೇಶ.

ಆ ಮೂರನೇ ಪ್ರದೇಶದ ತೂಕ ಗೊತ್ತಾಗಬೇಕಾದರೆ ಜನಸಂಖ್ಯೆ ನೋಡಬೇಕು. ಆಸ್ಟ್ರೇಲಿಯಾದ ಜನ ಸುಮಾರು 2.7 ಕೋಟಿ. ನ್ಯೂಜಿಲೆಂಡ್ ಸೇರಿಸಿದರೆ 3.2 ಕೋಟಿಯ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಕರ್ನಾಟಕ ಒಂದರಲ್ಲೇ 6.11 ಕೋಟಿ ಜನ ಇದ್ದರು. ಅಷ್ಟು ಸಣ್ಣ ಜಾಗಕ್ಕೆ ಅಮೆರಿಕ, ಯುರೋಪ್ ಸಾಲಿನಲ್ಲಿ ಒಂದು ಪ್ರೊ ವಿಭಾಗ ಸಿಕ್ಕಿತ್ತು. ಕೈಯಲ್ಲಿ ಕಂಟ್ರೋಲರ್ ಹಿಡಿದ ಹದಿನೆಂಟರ ಹುಡುಗನಿಗೆ "ಇಲ್ಲೇ ಚೆನ್ನಾಗಿ ಆಡಿದರೆ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಬಹುದು" ಅನ್ನುವ ನೇರ ದಾರಿ ಕಾಣುತ್ತಿತ್ತು. ಮೈಂಡ್‌ಫ್ರೀಕ್ ಆ ದಾರಿಯಲ್ಲಿ ಹೋದ ತಂಡ. ಶಾಕ್ಸ್, ಫೈಟಾ, ಬಝೋ ಅನ್ನುವ ಆಟದ ಹೆಸರುಗಳು ಆ ಕಾಲದಲ್ಲಿ ಈ ಆಟ ನೋಡುತ್ತಿದ್ದವರಿಗೆ ಚೆನ್ನಾಗಿ ಗೊತ್ತು. ತಂಡ ಕೂಡಿ ಬೆಳೆದಿತ್ತು. ತಿಂಗಳಿಗೊಮ್ಮೆ ಆಟಗಾರರನ್ನು ಬದಲಿಸುವ ಚಾಳಿ ಇರುವ ಈ ಆಟದಲ್ಲಿ ಅದೇ ಒಂದು ದೊಡ್ಡ ಬಲ.

ಆ ವರ್ಲ್ಡ್ ಲೀಗ್‌ನ ಭಾಗವಾಗಿದ್ದ 2017ರ ಗ್ಲೋಬಲ್ ಪ್ರೊ ಲೀಗ್ ಆನ್‌ಲೈನ್ ಆಟ ಅಲ್ಲ. ಓಹಿಯೋ ರಾಜ್ಯದ ಕೊಲಂಬಸ್‌ನಲ್ಲಿ ಎಲ್ಲರೂ ಒಂದೇ ಕಡೆ ಕೂತು, ಲ್ಯಾನ್‌ನಲ್ಲಿ, ಅಂದರೆ ಯಂತ್ರಗಳನ್ನು ಅಲ್ಲೇ ಒಂದಕ್ಕೊಂದು ಜೋಡಿಸಿ ಆಡುವ ಪಂದ್ಯಗಳು. ಅಮೆರಿಕದ ತಂಡಕ್ಕೆ ಅದು ಒಳನಾಡಿನ ಪಯಣ. ಮೈಂಡ್‌ಫ್ರೀಕ್‌ಗೆ ಪೆಸಿಫಿಕ್ ಸಾಗರ ದಾಟಿ, ಅಮೆರಿಕದ ಪಶ್ಚಿಮ ಕರಾವಳಿ ದಾಟಿ, ಮತ್ತೆ ಒಳನಾಡಿಗೆ ಹಾರುವ ಪಯಣ. ಸಿಡ್ನಿಯಿಂದ ಲಾಸ್ ಏಂಜಲೀಸ್‌ವರೆಗಿನ ವಿಮಾನವೇ ಸುಮಾರು 13-14 ಗಂಟೆ. ಹೋಗಿ ಇಳಿದರೆ ಹಗಲು ರಾತ್ರಿ ಅದಲುಬದಲು. ಬೇಗ ಹೋಗಿ ಅಲ್ಲೇ ಬೂಟ್‌ಕ್ಯಾಂಪ್, ಅಂದರೆ ಒಟ್ಟಿಗೆ ಉಳಿದು ಅಭ್ಯಾಸ, ಮಾಡಬೇಕು. ಅದಕ್ಕೆ ಮನೆ ಬಾಡಿಗೆ, ಊಟ, ಇಂಟರ್ನೆಟ್, ವೀಸಾ. ಅಷ್ಟೆಲ್ಲ ಮಾಡಿ ಕೂತ ಮೇಲೆ ಎದುರಿಗೆ ಇರುವವರು ವರ್ಷಪೂರ್ತಿ ಪರಸ್ಪರ ಆಡಿಕೊಂಡು ಬಂದವರು.

ಇಲ್ಲಿ ಪಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಇಡೀ ಸಮಸ್ಯೆಯ ಬೇರು ಅಲ್ಲಿದೆ.

ನೀವು ಗುಂಡಿ ಒತ್ತಿದ ಸುದ್ದಿ ಸರ್ವರ್‌ಗೆ, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರ್‌ಗೆ, ಹೋಗಿ ಉತ್ತರ ವಾಪಸ್ ಬರಲು ಹಿಡಿಯುವ ಹೊತ್ತೇ ಪಿಂಗ್. ಅದನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಗಾಜಿನ ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ನೆಟ್ಟಗೆ ಲೆಕ್ಕ ಹಾಕಿದರೂ 12,000 ಕಿಲೋಮೀಟರ್. ಹೋಗಲು 60 ಮಿಲಿಸೆಕೆಂಡ್, ಬರಲು 60. ಅಲ್ಲಿಗೆ 120 ಆಯಿತು. ಕೇಬಲ್ ನೆಟ್ಟಗೆ ಹೋಗುವುದಿಲ್ಲ, ನಡುವೆ ಯಂತ್ರಗಳಿವೆ. ಹಾಗಾಗಿ ನಿಜವಾದ ಆಟದಲ್ಲಿ 140, 150, ಅದಕ್ಕೂ ಜಾಸ್ತಿ. ಇದನ್ನು ಯಾವ ಕಂಪನಿಯೂ, ಎಷ್ಟು ದುಡ್ಡು ಸುರಿದರೂ, 120ಕ್ಕಿಂತ ಕೆಳಗೆ ತರಲಾರದು. ಬೆಳಕಿನ ವೇಗ ಬದಲಾಗುವುದಿಲ್ಲ.

150 ಮಿಲಿಸೆಕೆಂಡ್ ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟಕ್ಕೆ ಯಾಕಿಷ್ಟು ಗಲಾಟೆ ಅಂತ ಕೇಳಬಹುದು. ಈ ಆಟದಲ್ಲಿ ಮೊದಲ ಗುಂಡು ತಾಗಿದಾಗಿನಿಂದ ಮನುಷ್ಯ ಬೀಳುವವರೆಗೆ ಹೆಚ್ಚೂಕಮ್ಮಿ ಕಾಲು ಸೆಕೆಂಡ್ ಹಿಡಿಯುತ್ತದೆ. ಅಂದರೆ 250 ಮಿಲಿಸೆಕೆಂಡ್ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ನಿಮ್ಮ ಸುದ್ದಿ ಸಾಗರದ ಕೆಳಗೆ ಓಡುತ್ತಿರುತ್ತದೆ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಮೂಡುವ ವೇಗದಲ್ಲಿ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್. ಅಂದರೆ ಎದುರಾಳಿಗಿಂತ ಎಂಟೊಂಬತ್ತು ಚಿತ್ರ ಹಿಂದೆ ಇದ್ದೀರಿ. ನಿಮ್ಮ ಪರದೆಯಲ್ಲಿ ಗೋಡೆಯ ಮರೆಗೆ ಬಂದು ನಿಂತಾಗಿರುತ್ತದೆ. ಸರ್ವರ್‌ನ ಲೆಕ್ಕದಲ್ಲಿ ಇನ್ನೂ ಬಯಲಲ್ಲಿ ಇರುತ್ತೀರಿ, ಅಲ್ಲೇ ಸಾಯುತ್ತೀರಿ. ಬೆಂಗಳೂರಿನಲ್ಲಿ ಕೂತು ದೂರದ ಸರ್ವರ್‌ನಲ್ಲಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆ ದಾಟಿ ಬಂದ ಮೇಲೆ ಸಾಯುವ ಆ ಕೋಪ ಎಲ್ಲರದ್ದೂ ಒಂದೇ.

ಲ್ಯಾನ್‌ನಲ್ಲಿ ಎಲ್ಲರ ಪಿಂಗ್ ಒಂದೇ ಅಲ್ವಾ, ಹಾಗಾದರೆ ತೊಂದರೆ ಏನು? ತೊಂದರೆ ಲ್ಯಾನ್‌ಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಕಾಲ್ ಆಫ್ ಡ್ಯೂಟಿ ತಂಡಗಳು ದಿನಾ ಗಂಟೆಗಟ್ಟಲೆ ಸ್ಕ್ರಿಮ್ ಆಡುತ್ತವೆ. ಬಲವಾದ ಎದುರಾಳಿ ಸಿಕ್ಕಷ್ಟೂ ತಂಡ ಬಲವಾಗುತ್ತದೆ. ಅಮೆರಿಕದ ತಂಡಕ್ಕೆ ಸುತ್ತ ಹತ್ತಾರು ಒಳ್ಳೆಯ ತಂಡಗಳಿವೆ. ಆಸ್ಟ್ರೇಲಿಯಾದ ಮೇಲಿನ ಸಾಲಿನ ತಂಡಕ್ಕೆ ತನ್ನ ಮಟ್ಟದ ಎದುರಾಳಿ ಒಂದೋ ಎರಡೋ. ಅವರ ಜೊತೆಗೇ ವಾರ ಪೂರ್ತಿ ಆಡಿದರೆ ಎಲ್ಲರ ತಂತ್ರ ಎಲ್ಲರಿಗೂ ಬಾಯಿಪಾಠ. ಹೊಸ ಸವಾಲು ಇರುವುದಿಲ್ಲ. ಅಮೆರಿಕದವರ ಜೊತೆ ಆಡೋಣ ಅಂದರೆ ಪಿಂಗ್ ಬಿಡುವುದಿಲ್ಲ. ಆ ಪಿಂಗ್‌ನಲ್ಲಿ ಮಾಡಿದ ಅಭ್ಯಾಸ ಕೈಗೆ ತಪ್ಪು ಪಾಠ ಕಲಿಸುತ್ತದೆ. ಬೇಗ ಬಗ್ಗಬೇಕು, ಮುಂಚೆಯೇ ಗುಂಡು ಹಾರಿಸಬೇಕು ಅನ್ನುವ ಅಭ್ಯಾಸ ಕೂತುಬಿಡುತ್ತದೆ. ಲ್ಯಾನ್‌ನಲ್ಲಿ ಅದೇ ಮುಳುವಾಗುತ್ತದೆ.

ದೇಶದ ಒಳಗೇ ಇನ್ನೊಂದು ದೂರ ಇದೆ. ಪರ್ತ್‌ನಿಂದ ಸಿಡ್ನಿಗೆ 3,300 ಕಿಲೋಮೀಟರ್. ಅಲ್ಲಿನ ಸರ್ವರ್‌ಗಳು ಹೆಚ್ಚಾಗಿ ಸಿಡ್ನಿಯಲ್ಲಿವೆ. ಪರ್ತ್‌ನ ಹುಡುಗ 50 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಆಡಿದರೆ ಸಿಡ್ನಿಯ ಹುಡುಗ 10ರ ಒಳಗೆ ಆಡುತ್ತಾನೆ. ಒಂದೇ ದೇಶ, ಒಂದೇ ಟೂರ್ನಿ, ಆದರೆ ಸಮ ನೆಲ ಇಲ್ಲ.

ಪಿಂಗ್ ಎಷ್ಟು ದೊಡ್ಡ ಯಜಮಾನ ಅನ್ನುವುದು 2020ರಲ್ಲಿ ಎಲ್ಲರಿಗೂ ಕಂಡಿತು. ಹೊಸ ಲೀಗ್ ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ಕೋವಿಡ್ ಬಂತು. ಊರೂರು ಸುತ್ತಿ ಆಡಬೇಕಿದ್ದ ಪಂದ್ಯಗಳು ಆನ್‌ಲೈನ್‌ಗೆ ಬಂದವು. ಆಗ ಯುರೋಪಿನ ನಗರಗಳ ಹೆಸರಿನ ತಂಡಗಳೂ ಅಮೆರಿಕದಲ್ಲಿ ಕೂತು ಆಡಬೇಕಾಯಿತು. ಅಟ್ಲಾಂಟಿಕ್ ದಾಟುವ ಪಿಂಗ್ ಪೆಸಿಫಿಕ್ ದಾಟುವುದರ ಅರ್ಧದಷ್ಟು. ಅದನ್ನೇ ಸಹಿಸಲು ಆಗಲಿಲ್ಲ. ಲಂಡನ್, ಪ್ಯಾರಿಸ್‌ಗೇ ಹೀಗಾದರೆ ಮೆಲ್ಬೋರ್ನ್‌ನ ಗತಿ ಏನು ಅಂತ ಯೋಚಿಸಿ.

ಇನ್ನು ದುಡ್ಡಿನ ವಿಷಯ. ಹೊಸ ಲೀಗ್‌ನಲ್ಲಿ ಒಂದು ಸೀಟಿನ ಬೆಲೆ 2.5 ಕೋಟಿ ಡಾಲರ್ ಅಂತ ಆಗ ಅಮೆರಿಕದ ಕ್ರೀಡಾ ಮಾಧ್ಯಮಗಳಲ್ಲಿ ವರದಿಯಾಗಿತ್ತು. ಸೀಟು ಕೊಂಡವರು ಸೋತರೂ ಕೆಳಗೆ ಬೀಳುವುದಿಲ್ಲ. ಕೊಳ್ಳದವರು ಎಷ್ಟೇ ಗೆದ್ದರೂ ಮೇಲೆ ಹತ್ತುವುದಿಲ್ಲ. ಹೊರಗೆ ಉಳಿದವರಿಗೆ ಚಾಲೆಂಜರ್ಸ್ ಅಂತ ಒಂದು ಕೆಳಗಿನ ಹಂತ ಇದೆ. ಅಲ್ಲಿ ಏಷ್ಯಾ ಪೆಸಿಫಿಕ್ ಭಾಗದ ಪಂದ್ಯಗಳೂ ನಡೆದಿವೆ. ಆದರೆ ಅಲ್ಲಿ ಗೆದ್ದ ತಂಡಕ್ಕೆ ಮುಖ್ಯ ಲೀಗ್‌ಗೆ ಬಡ್ತಿ ಇಲ್ಲ. ಒಬ್ಬ ಆಟಗಾರನನ್ನು ದೊಡ್ಡ ತಂಡ ಕರೆಯಬಹುದು, ಅಷ್ಟೇ. ತಂಡವಾಗಿ ಏರುವ ದಾರಿ ಮುಚ್ಚಿತು.

ಸೀಟು ಮಾರುವ ಪದ್ಧತಿಗೆ ಒಂದು ಸಮರ್ಥನೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ವರ್ಲ್ಡ್ ಲೀಗ್ ಕಾಲದಲ್ಲಿ ತಂಡದ ಮಾಲೀಕರಿಗೆ ನಾಳೆಯ ಭರವಸೆ ಇರಲಿಲ್ಲ. ಒಂದು ಕೆಟ್ಟ ತಿಂಗಳು ಬಂದರೆ ಲೀಗ್‌ನಿಂದಲೇ ಹೊರಗೆ. ಹಾಗಿದ್ದಾಗ ಆಟಗಾರರಿಗೆ ಸಂಬಳ, ವಿಮೆ, ತರಬೇತುದಾರ ಅಂತ ಯಾರು ದುಡ್ಡು ಹಾಕುತ್ತಾರೆ? ಸೀಟು ಗಟ್ಟಿಯಾದ ಮೇಲೆ ಒಳಗಿದ್ದ ಆಟಗಾರರ ಬದುಕು ಸುಧಾರಿಸಿತು, ಇದು ನಿಜ. ಆಸ್ಟ್ರೇಲಿಯಾದ ಮಾರುಕಟ್ಟೆ ಸಣ್ಣದು ಅನ್ನುವುದೂ ನಿಜ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಶುಕ್ರವಾರ ಮಧ್ಯಾಹ್ನ 3 ಗಂಟೆಯ ಪಂದ್ಯ ಅಮೆರಿಕದ ಚಳಿಗಾಲದಲ್ಲಿ ಸಿಡ್ನಿಗೆ ಬರುವುದು ಶನಿವಾರ ಬೆಳಿಗ್ಗೆ 7ಕ್ಕೆ. ಮನೆಮಂದಿ ಎಲ್ಲ ಕೂತು ನೋಡುವ ಹೊತ್ತು ಅಲ್ಲ. ಆಸ್ಟ್ರೇಲಿಯಾದಲ್ಲಿ ಗೇಮ್‌ಗಳಿಗೆ 18 ದಾಟಿದವರಿಗೆ ಮಾತ್ರ ಅನ್ನುವ ವರ್ಗ 2013ರಲ್ಲಿ ಬಂತು. ಗುಂಡು, ರಕ್ತ ಇರುವ ಆಟಕ್ಕೆ ಸ್ಥಳೀಯ ಬ್ಯಾಂಕೋ ಹಾಲಿನ ಕಂಪನಿಯೋ ಪ್ರಾಯೋಜಕರಾಗಿ ಬರಲು ಹಿಂದೆಮುಂದೆ ನೋಡುತ್ತಾರೆ.

ಈ ಲೆಕ್ಕಗಳೆಲ್ಲ ಸರಿ. ಆದರೂ ಇವು ಒಂದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. 12 ಸೀಟು ಮಾರುವಾಗ, ಗೆದ್ದು ಬರುವವರಿಗೆ ಅಂತ ಹದಿಮೂರನೆಯದೊಂದನ್ನು ಇಡಲು ಏನು ಅಡ್ಡಿ ಇತ್ತು? ಕಾಲ್ ಆಫ್ ಡ್ಯೂಟಿ ಆಟ ಕಟ್ಟುವ ಸ್ಟುಡಿಯೊಗಳಲ್ಲಿ ಒಂದಾದ ಸ್ಲೆಡ್ಜ್‌ಹ್ಯಾಮರ್, ಮೆಲ್ಬೋರ್ನ್‌ನಲ್ಲೇ ಒಂದು ಶಾಖೆ ತೆರೆಯಿತು. ಆಟ ಕಟ್ಟುವ ಕೈಗಳು ಅಲ್ಲಿಂದ ಬರಬಹುದು, ಆಟ ಕೊಳ್ಳುವ ಜೇಬುಗಳು ಅಲ್ಲಿವೆ, ಆಡುವ ತಂಡಕ್ಕೆ ಮಾತ್ರ ಜಾಗ ಇಲ್ಲ. ಇದು ನನಗೆ ಒಪ್ಪಿಗೆಯಾಗುವುದಿಲ್ಲ.

ಬೇರೆ ಕಂಪನಿಗಳು ಏನು ಮಾಡಿದವು ನೋಡಿ. ಲೀಗ್ ಆಫ್ ಲೆಜೆಂಡ್ಸ್ ಆಟದ ರಯಟ್ ಕಂಪನಿ 2020ರಲ್ಲಿ ತನ್ನ ಓಷಿಯಾನಿಯಾ ಪ್ರೊ ಲೀಗ್ ಮುಚ್ಚಿತು. ಅದು ದೊಡ್ಡ ಹೊಡೆತ. ಆದರೆ ಮುಚ್ಚುವಾಗ ಅಲ್ಲಿನ ಆಟಗಾರರನ್ನು ಉತ್ತರ ಅಮೆರಿಕದ ಲೀಗ್‌ನಲ್ಲಿ ವಿದೇಶಿಯರು ಅಂತ ಎಣಿಸುವುದಿಲ್ಲ ಅಂತ ನಿಯಮ ಬದಲಿಸಿತು. ಒಂದು ಬಾಗಿಲು ಮುಚ್ಚಿ ಒಂದು ಕಿಟಕಿಯನ್ನಾದರೂ ತೆರೆಯಿತು. ಇನ್ನೊಂದು ಕನ್ಸೋಲ್ ಶೂಟರ್ ಹೇಲೋ. ಅದರ ಹೇಲೋ ಇನ್ಫಿನಿಟ್ ಸ್ಪರ್ಧೆ ಶುರುವಾದಾಗ ಜಗತ್ತನ್ನು ನಾಲ್ಕು ಪ್ರದೇಶ ಮಾಡಿದರು. ಅದರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಒಂದು. ಹೇಲೋ ಕಾಲ್ ಆಫ್ ಡ್ಯೂಟಿಗಿಂತ ಸಣ್ಣ ಸ್ಪರ್ಧೆ. ಅವರಿಗೆ ಆಗಿದ್ದು ಇವರಿಗೆ ಯಾಕೆ ಆಗಬಾರದು?

ಅಷ್ಟರಲ್ಲಿ ಆಟದ ಯಂತ್ರವೇ ಬದಲಾಯಿತು. 2021ರ ಋತುವಿನಿಂದ ಕಾಲ್ ಆಫ್ ಡ್ಯೂಟಿ ಲೀಗ್ ಪ್ಲೇಸ್ಟೇಷನ್ ಬಿಟ್ಟು ಪಿಸಿಗೆ ಹೋಯಿತು. ಆಟಗಾರರ ಕೈಯಲ್ಲಿ ಕಂಟ್ರೋಲರ್ ಹಾಗೇ ಉಳಿಯಿತು. ಹಾಗಾಗಿ ಇವತ್ತು ಕನ್ಸೋಲ್ ಶೂಟರ್ ಸ್ಪರ್ಧೆ ಅಂದರೆ ನಿಜದಲ್ಲಿ ಕಂಟ್ರೋಲರ್ ಶೂಟರ್ ಸ್ಪರ್ಧೆ. ಚಿತ್ರ ಜಾಸ್ತಿ ನಯವಾಯಿತು, ಪರದೆ ವೇಗವಾಯಿತು. ಜೊತೆಗೆ ಖರ್ಚೂ ಏರಿತು. ಮೊದಲು ಮನೆಯಲ್ಲಿರುವ ಪ್ಲೇಸ್ಟೇಷನ್ ಸಾಕಿತ್ತು. ವಿಶ್ವ ಚಾಂಪಿಯನ್ ಆಡುವ ಯಂತ್ರವೂ ನಿಮ್ಮ ಟಿವಿ ಕೆಳಗಿನ ಯಂತ್ರವೂ ಒಂದೇ. ಕನ್ಸೋಲ್ ಸ್ಪರ್ಧೆಯ ದೊಡ್ಡ ಚಂದವೇ ಅದಾಗಿತ್ತು. ಈಗ ಮೇಲಿನ ಹಂತದಲ್ಲಿ ಆಡಬೇಕಾದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್, ವೇಗದ ಮಾನಿಟರ್ ಬೇಕು. ದೂರದ ಹುಡುಗನಿಗೆ ಇನ್ನೊಂದು ಮೆಟ್ಟಿಲು ಎತ್ತರ ಆಯಿತು.

ಕಂಟ್ರೋಲರ್ ಬಗ್ಗೆ ಒಂದು ಮಾತು. ಹೆಬ್ಬೆರಳಲ್ಲಿ ತಿರುಗಿಸುವ ಕಡ್ಡಿಗೆ ಮೌಸ್‌ನ ನಿಖರತೆ ಇಲ್ಲ. ಅದಕ್ಕೆ ಆಟವೇ ಗುರಿಗೆ ಸ್ವಲ್ಪ ಸಹಾಯ ಮಾಡುತ್ತದೆ. ಎದುರಾಳಿ ಪಕ್ಕಕ್ಕೆ ಸರಿದರೆ ನಿಮ್ಮ ಗುರಿಯೂ ಕೊಂಚ ಜೊತೆಗೆ ಸರಿಯುತ್ತದೆ. ಇದನ್ನು ಏಮ್ ಅಸಿಸ್ಟ್ ಅನ್ನುತ್ತಾರೆ. ಎಲ್ಲರೂ ಕಂಟ್ರೋಲರ್ ಹಿಡಿದಾಗ ಇದರ ಬಗ್ಗೆ ಜಗಳ ಇಲ್ಲ. ಮೌಸ್ ಹಿಡಿದವರೂ ಅದೇ ಪಂದ್ಯಕ್ಕೆ ಬಂದಾಗ ಜಗಳ ಶುರು. ಹತ್ತಿರದ ಹೊಡೆದಾಟದಲ್ಲಿ ಮನುಷ್ಯನ ಕಣ್ಣು, ಕೈ ಮಾರುತ್ತರ ಕೊಡುವ ಮೊದಲೇ ಯಂತ್ರ ಗುರಿ ತಿರುಗಿಸುತ್ತದೆ ಅಂತ ಮೌಸ್‌ನವರ ದೂರು. ಈ ಜಗಳ ಅತಿ ಜೋರಾಗಿ ನಡೆದದ್ದು ಏಪೆಕ್ಸ್ ಲೆಜೆಂಡ್ಸ್ ಅನ್ನುವ ಇನ್ನೊಂದು ಶೂಟರ್ ಆಟದಲ್ಲಿ. ಆ ಜಗಳದ ನಡುವೆ ಪದೇಪದೇ ಕೇಳಿಬಂದ ಹೆಸರು ಒಬ್ಬ ಆಸ್ಟ್ರೇಲಿಯನ್ನನದು, ಜೆನ್‌ಬರ್ಟನ್. ತೋರುಬೆರಳನ್ನೂ ಬಗ್ಗಿಸಿ ಗುಂಡಿ ಒತ್ತುವ, ಉಗುರಿನ ಹಿಡಿತ ಅನ್ನಿಸುವ ಶೈಲಿಯಲ್ಲಿ ಅವನು ಕಂಟ್ರೋಲರ್ ಹಿಡಿಯುತ್ತಾನೆ. ಹೆಬ್ಬೆರಳು ಗುರಿಯ ಕಡ್ಡಿ ಬಿಡದೆ ಓಡುವ, ಹಾರುವ, ಲೂಟಿ ಮಾಡುವ ಕೆಲಸ ಎಲ್ಲ ಆಗುತ್ತದೆ. ಅವನ ಆಟವನ್ನು ಬರೀ ಯಂತ್ರದ ಸಹಾಯ ಅನ್ನುವವರು ಒಮ್ಮೆ ಅವನ ಬೆರಳುಗಳನ್ನು ನೋಡಬೇಕು.

ಆಸ್ಟ್ರೇಲಿಯಾದಲ್ಲಿ ಪ್ರತಿಭೆ ಇಲ್ಲ ಅನ್ನುವ ಮಾತಿಗೆ ಏಪೆಕ್ಸ್‌ನಲ್ಲೇ ನೇರ ಉತ್ತರ ಸಿಗುತ್ತದೆ. ಏಪೆಕ್ಸ್‌ನ ಜಾಗತಿಕ ಸರಣಿಯಲ್ಲಿ ಆಗ ಸೀಟು ಮಾರುವ ಪದ್ಧತಿ ಇರಲಿಲ್ಲ. ಪ್ರದೇಶದ ಅರ್ಹತಾ ಸುತ್ತು ದಾಟಿದ ಮೂವರು ಗೆಳೆಯರು ವಿಶ್ವ ವೇದಿಕೆಗೆ ಹೋಗಬಹುದಿತ್ತು. ಆಸ್ಟ್ರೇಲಿಯಾದವರೇ ಆದ ಝೀರೋ ಮತ್ತು ಜೆನ್‌ಬರ್ಟನ್ ಇದ್ದ ರೀಇಗ್ನೈಟ್ ತಂಡ ದಕ್ಷಿಣ ಏಷ್ಯಾ ಪೆಸಿಫಿಕ್ ಪ್ರದೇಶದಿಂದ ಹೀಗೆ ಹೊರಟಿತು. 2022ರ ವಸಂತದಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಪ್ಲೇಆಫ್ ಗೆದ್ದೇಬಿಟ್ಟಿತು. ಆಮೇಲೆ ಅವರನ್ನು ಅಮೆರಿಕದ ಡಾರ್ಕ್‌ಝೀರೋ ಸಂಸ್ಥೆ ಸೇರಿಸಿಕೊಂಡಿತು. ಒಬ್ಬ ಆಟಗಾರ ಬದಲಾದ. ಅದೇ ವರ್ಷ ಜುಲೈನಲ್ಲಿ ರಾಲಿ ನಗರದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕೂಡ ಗೆದ್ದರು. ಒಟ್ಟು ಬಹುಮಾನ 20 ಲಕ್ಷ ಡಾಲರ್ ಇದ್ದ ಪಂದ್ಯ ಅದು. ಮೈಂಡ್‌ಫ್ರೀಕ್ ಕಾಲದ್ದೇ ದೂರ, ಅದೇ ಪಿಂಗ್, ಅದೇ ಸಣ್ಣ ಜನಸಂಖ್ಯೆ. ಬಾಗಿಲು ತೆರೆದಿತ್ತು, ಗೆದ್ದು ಬಂದರು.

ಇದರಲ್ಲಿ ಒಂದು ನೋವಿನ ಭಾಗವೂ ಇದೆ. ಗೆದ್ದಾಗ ಅವರ ಎದೆಯ ಮೇಲಿದ್ದ ಲಾಂಛನ ಆಸ್ಟ್ರೇಲಿಯಾದ ಸಂಸ್ಥೆಯದ್ದಲ್ಲ. 2024ರಲ್ಲಿ ಝೀರೋ ಮತ್ತು ಜೆನ್‌ಬರ್ಟನ್ ಅಮೆರಿಕದ ಆಟಗಾರ ಇಂಪೀರಿಯಲ್‌ಹಾಲ್ ಜೊತೆ ಸೌದಿ ಅರೇಬಿಯಾದ ಫಾಲ್ಕನ್ಸ್ ಪರ ಆಡಿದರು. ಕೌಂಟರ್ ಸ್ಟ್ರೈಕ್ ಆಟದಲ್ಲಿ 2019ರ ಬರ್ಲಿನ್ ಮೇಜರ್ ಅನ್ನುವ ದೊಡ್ಡ ಟೂರ್ನಿಯ ಸೆಮಿಫೈನಲ್ ತಲುಪಿದ ರೆನೆಗೇಡ್ಸ್ ತಂಡದ ಆಸ್ಟ್ರೇಲಿಯನ್ನರು ವರ್ಷಗಟ್ಟಲೆ ಅಮೆರಿಕದಲ್ಲಿ ನೆಲೆಸಿದ್ದರು. ಮೈಂಡ್‌ಫ್ರೀಕ್‌ಗೆ ರೇನ್‌ಬೋ ಸಿಕ್ಸ್ ಅನ್ನುವ ಇನ್ನೊಂದು ಆಟದಲ್ಲಿದ್ದ ತಂಡವನ್ನು 2018ರಲ್ಲಿ ಲಂಡನ್ನಿನ ಫ್ನಾಟಿಕ್ ಕೊಂಡಿತು. ಬೆಳೆಸುವವರು ಇವರು, ಫಸಲು ಬೇರೆಯವರದ್ದು. ಆಟಗಾರರನ್ನು ನಾನು ದೂರುವುದಿಲ್ಲ. ಅವರ ಆಟದ ಆಯುಷ್ಯ ಕೆಲವೇ ವರ್ಷ, ಹೆಚ್ಚು ಸಂಬಳ ಸಿಗುವ ಕಡೆ ಹೋಗುವುದು ಸರಿಯೇ. ಆದರೆ ಊರಿನ ಸಂಸ್ಥೆಗಳಿಗೆ ಏನು ಉಳಿಯಿತು? ಮೆಲ್ಬೋರ್ನ್‌ನ ಆರ್ಡರ್ ಅನ್ನುವ ದೊಡ್ಡ ಹೆಸರಿನ ಸಂಸ್ಥೆ 2022ರಲ್ಲಿ ಸಾಲದ ಹೊರೆಯಿಂದ ಆಡಳಿತಾಧಿಕಾರಿಯ ಕೈಗೆ ಹೋಯಿತು. ದೊಡ್ಡ ಲೀಗ್‌ನ ಸೀಟಿಲ್ಲ, ಆಟಗಾರರನ್ನು ಕಳಿಸಿದಾಗ ಸಿಗುವ ಹಣ ಅಷ್ಟಕ್ಕಷ್ಟೆ, ಪ್ರಾಯೋಜಕರು ಕಡಿಮೆ. ಇಷ್ಟರಲ್ಲಿ ಎಷ್ಟು ದಿನ ನಡೆಸಬಹುದು?

ಆಟಗಾರರು ಬೆಳಕಿಗೆ ಬರುವ ಬುಡದ ದಾರಿಯೂ ಈಗ ಬದಲಾಗುತ್ತಿದೆ. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16 ತುಂಬದವರು ಸೋಷಿಯಲ್ ಮೀಡಿಯಾ ಖಾತೆ ಇಟ್ಟುಕೊಳ್ಳುವಂತಿಲ್ಲ. ಆ ಪಟ್ಟಿಯಲ್ಲಿ ಯೂಟ್ಯೂಬ್, ಆಟವನ್ನು ನೇರವಾಗಿ ತೋರಿಸುವ ಟ್ವಿಚ್, ಕಿಕ್ ಕೂಡ ಇವೆ. ಮಕ್ಕಳ ಹಿತಕ್ಕೆ ತಂದ ನಿಯಮ ಅದು, ಅದರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಹದಿನಾಲ್ಕು, ಹದಿನೈದರ ಹುಡುಗ ಹುಡುಗಿಯರು ತಮ್ಮ ಆಟದ ತುಣುಕುಗಳನ್ನು ಅಲ್ಲೇ ಹಾಕುತ್ತಿದ್ದರು. ತಂಡಗಳು ಅಲ್ಲೇ ಅವರನ್ನು ಗುರುತಿಸುತ್ತಿದ್ದವು. ಶಾಲೆ, ಕ್ಲಬ್ ಮಟ್ಟದ ಟೂರ್ನಿಗಳು ಆ ಕೆಲಸ ವಹಿಸಿಕೊಳ್ಳದಿದ್ದರೆ ಮುಂದಿನ ಜೆನ್‌ಬರ್ಟನ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಈಗಲೇ ಯೋಚಿಸಬೇಕು.

ಏನು ಮಾಡಬಹುದು? ನನ್ನ ಮಟ್ಟಿಗೆ ಮೊದಲ ಬೇಡಿಕೆ ಸರಳ. ವರ್ಷದ ಕೊನೆಯ ವಿಶ್ವ ಚಾಂಪಿಯನ್‌ಷಿಪ್‌ಗೆ ಚಾಲೆಂಜರ್ಸ್‌ನಿಂದ ಕೆಲವು ಜಾಗ ತೆರೆಯಬೇಕು. ಅದರಲ್ಲಿ ಒಂದು ಏಷ್ಯಾ ಪೆಸಿಫಿಕ್‌ಗೆ ಮೀಸಲಿರಬೇಕು. ಸೀಟು ಕೊಂಡ ತಂಡಗಳ ಋತು ಹಾಗೇ ನಡೆಯಲಿ. ಅವರ ಹೂಡಿಕೆಗೆ ಇದರಿಂದ ಧಕ್ಕೆ ಇಲ್ಲ. ಹೊರಗಿನ ತಂಡ ಬಂದು ಸೋತರೆ ಯಾರಿಗೂ ನಷ್ಟ ಇಲ್ಲ, ಗೆದ್ದರೆ ಇಡೀ ಒಂದು ಖಂಡ ನೋಡುತ್ತದೆ. ಎರಡನೆಯದು ಅಭ್ಯಾಸದ ಪ್ರಶ್ನೆ. ಪಿಂಗ್ ತಗ್ಗಿಸಲು ಆಗುವುದಿಲ್ಲ, ಆದರೆ ವರ್ಷಕ್ಕೆ ಕೆಲವು ವಾರ ಅರ್ಹ ತಂಡವನ್ನು ಅಮೆರಿಕಕ್ಕೆ ಕರೆಸಿ, ಲೀಗ್ ಖರ್ಚಿನಲ್ಲಿ ಬೂಟ್‌ಕ್ಯಾಂಪ್ ಮಾಡಿಸಬಹುದು. 2023ರ ಅಕ್ಟೋಬರ್‌ನಲ್ಲಿ 6,870 ಕೋಟಿ ಡಾಲರ್ ಕೊಟ್ಟು ಆಕ್ಟಿವಿಷನ್ ಬ್ಲಿಝಾರ್ಡ್ ಕೊಂಡ ಮೈಕ್ರೋಸಾಫ್ಟ್‌ಗೆ ನಾಲ್ಕು ಹುಡುಗರ ವಿಮಾನ ಟಿಕೆಟ್ ದೊಡ್ಡ ಮಾತಲ್ಲ.

ಕನ್ನಡದ ಓದುಗರಿಗೆ ಇದೆಲ್ಲ ಯಾಕೆ ಅಂತ ಅನ್ನಿಸಬಹುದು. ಏಪೆಕ್ಸ್‌ನಲ್ಲಿ ಆಸ್ಟ್ರೇಲಿಯಾ ಇದ್ದ ದಕ್ಷಿಣ ಏಷ್ಯಾ ಪೆಸಿಫಿಕ್ ಪ್ರದೇಶದಲ್ಲೇ ಭಾರತವೂ ಇತ್ತು. ಲೀಗ್‌ಗಳು ನಮ್ಮನ್ನು ಅವರನ್ನು ಹೆಚ್ಚಾಗಿ ಒಂದೇ ಗುಂಪಿಗೆ ಹಾಕುತ್ತವೆ. ನಮ್ಮಲ್ಲಿ ಕನ್ಸೋಲ್ ಕಡಿಮೆ, ಫೋನಿನಲ್ಲಿ ಆಡುವವರೇ ಜಾಸ್ತಿ. ಆದರೂ ಪಿಸಿ, ಪ್ಲೇಸ್ಟೇಷನ್ ಹಿಡಿದು ಗಂಭೀರವಾಗಿ ಆಡುವವರು ಬೆಂಗಳೂರು, ಮೈಸೂರು, ಮಂಗಳೂರಿನಲ್ಲೂ ಇದ್ದಾರೆ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿ ಕ್ರೀಡೆಯ ಸಾಲಿಗೆ ಸೇರಿಸಿತು. ಇಲ್ಲಿನ ಸರ್ಕಾರ ಮಾನ್ಯತೆ ಕೊಟ್ಟಾಯಿತು. ಆದರೆ ಆ ಮಾನ್ಯತೆ ಹಿಡಿದು ಹೋದ ತಂಡಕ್ಕೆ ಹೊರಗೆ ಎಷ್ಟು ಬಾಗಿಲು ತೆರೆದಿವೆ ಅನ್ನುವುದನ್ನು ಆಟದ ಒಡೆಯರು ಮುಂದಿನ ಋತುವಿನ ನಿಯಮ ಬರೆಯುವಾಗ ತೀರ್ಮಾನಿಸುತ್ತಾರೆ. ಏಷ್ಯಾ ಪೆಸಿಫಿಕ್‌ಗೆ ಒಂದು ಜಾಗ ಬೇಕು ಅಂತ ಆಸ್ಟ್ರೇಲಿಯಾದವರು ಕೇಳುವಾಗ ನಮ್ಮ ದನಿಯೂ ಅದರ ಜೊತೆಗಿರಬೇಕು. ಆ ಜಾಗಕ್ಕೆ ಆಡುವ ಹಕ್ಕು ನಮ್ಮ ಹುಡುಗರಿಗೂ ಇರುತ್ತದೆ.